ಇಪ್ಪತ್ತೊಂಬತ್ತು ದಿನಗಳ ನೆಲ

ಅಮೆರಿಕದ ವೀಸಾಕ್ಕಾಗಿ ತುಂಬಬೇಕಾದ ಡಿಎಸ್-160 ಅರ್ಜಿಯಲ್ಲಿ ಒಂದು ಪ್ರಶ್ನೆ ಬರುತ್ತದೆ: ಕಳೆದ 5 ವರ್ಷಗಳಲ್ಲಿ ಯಾವ ಯಾವ ದೇಶಗಳಿಗೆ ಹೋಗಿದ್ದೀರಿ? ಮಗಳ ಬಾಣಂತನಕ್ಕೆ ಹೊರಟ ಮೈಸೂರಿನ ದಂಪತಿಗೆ ಇದು ಅರ್ಧ ನಿಮಿಷದ ಕೆಲಸ. ಸಿಂಗಪುರವೋ ದುಬೈಯೋ ಇದ್ದರೆ ಬರೆದರು, ಇಲ್ಲದಿದ್ದರೆ 'ಇಲ್ಲ' ಎಂದು ಒತ್ತಿದರು. ಹಡಗಿನಲ್ಲಿ ದುಡಿಯುವವನು ಮಾತ್ರ ಇಲ್ಲಿ ತಲೆ ಕೆರೆದುಕೊಳ್ಳುತ್ತಾನೆ. ಮೂಲ್ಕಿ ಕಡೆಯ ಒಬ್ಬ ಫಿಟ್ಟರ್ ಎಂದಿಟ್ಟುಕೊಳ್ಳೋಣ. ಎಂಜಿನ್ ರೂಮಿನಲ್ಲಿ ಪೈಪು, ವಾಲ್ವು, ವೆಲ್ಡಿಂಗು ನೋಡಿಕೊಳ್ಳುವ ಮನುಷ್ಯ. ಅವನ ಹಡಗು ಬ್ರೆಜಿಲಿನ ಸಾಂಟೋಸ್‌ನಲ್ಲಿ ಸಕ್ಕರೆ ತುಂಬಿದೆ, ಸೂಯೆಜ್ ಕಾಲುವೆ ದಾಟಿದೆ, ಚಿತ್ತಗಾಂಗ್‌ನಲ್ಲಿ ವಾರಗಟ್ಟಲೆ ಲಂಗರು ಹಾಕಿ ನಿಂತಿದೆ. ಹಡಗು ಹೋಗಿದ್ದು ಹೌದು. ಅವನು ಹೋಗಿದ್ದಾನೆಯೇ? ಬ್ರೆಜಿಲ್ ಎಂದರೆ ಅವನಿಗೆ ಡೆಕ್ಕಿನ ಕಟಕಟೆಗೆ ಒರಗಿ ಕಂಡ ಕ್ರೇನುಗಳ ಸಾಲು, ಈಜಿಪ್ಟ್ ಎಂದರೆ ಎರಡೂ ಬದಿಗೆ ಸರಿದುಹೋದ ಮರಳು. ಏಜೆನ್ಸಿಯವರು ಎಲ್ಲವನ್ನೂ ಬರೆಸುತ್ತಾರೆ, ಬಿಟ್ಟರೆ ಮುಚ್ಚಿಟ್ಟ ಹಾಗಾಗುತ್ತದೆ ಎಂದು. ಯೋಚಿಸುತ್ತ ಕೂತರೂ ಕಷ್ಟವೇ. ಸುಮಾರು 20 ನಿಮಿಷ ಕೈಯಾಡಿಸದಿದ್ದರೆ ಆ ಪುಟ ತಾನಾಗಿ ಮುಚ್ಚಿಕೊಳ್ಳುತ್ತದೆ.

ಅವನು ಕೇಳುತ್ತಿರುವ ವೀಸಾದ ಹೆಸರು ಸಿ-1/ಡಿ. ಹಡಗಿನವರ ಬಾಯಲ್ಲಿ ಬರೀ 'ಸಿ ಒನ್ ಡಿ', ಇನ್ನೂ ಅವಸರವಿದ್ದರೆ 'ಯುಎಸ್ ವೀಸಾ'. ಒಂದೇ ಸ್ಟಿಕ್ಕರಿನಲ್ಲಿ ಎರಡು ಅನುಮತಿಗಳು ಕೂತಿವೆ. ಸಿ-1 ಎಂಬುದು ದಾರಿಹೋಕನದು: ವಿಮಾನದಲ್ಲಿ ಅಮೆರಿಕಕ್ಕೆ ಬಂದು, ಹೂಸ್ಟನ್‌ನಲ್ಲೋ ನ್ಯೂ ಆರ್ಲಿಯನ್ಸ್‌ನಲ್ಲೋ ನಿಂತಿರುವ ಹಡಗನ್ನು ಹತ್ತಿ, ಅದರ ಜೊತೆ ಹೊರಟುಹೋಗಲು. ಡಿ ಎಂಬುದು ಸಿಬ್ಬಂದಿಯದು: ಹಡಗಿನಲ್ಲೇ ಬಂದವನು ಅದು ಬಂದರಿನಲ್ಲಿರುವಷ್ಟು ಹೊತ್ತು ನೆಲಕ್ಕೆ ಕಾಲಿಡಲು. ಈ ಎರಡನೆಯದಕ್ಕೆ ಗರಿಷ್ಠ ಮಿತಿ 29 ದಿನ. ಅದನ್ನು ವಿಸ್ತರಿಸಲು ಬರುವುದಿಲ್ಲ. ಅಲ್ಲಿದ್ದುಕೊಂಡೇ ಬೇರೆ ವೀಸಾಕ್ಕೆ ಬದಲಾಯಿಸಿಕೊಳ್ಳಲೂ ಬರುವುದಿಲ್ಲ. ಪ್ರವಾಸಿಗೆ ಆರು ತಿಂಗಳು ಕೊಡುವ ದೇಶ, ತನ್ನ ಸರಕು ಹೊತ್ತು ತಂದವನಿಗೆ ತಿಂಗಳೂ ತುಂಬದ ಲೆಕ್ಕ ಇಟ್ಟಿದೆ.

ಒಳಗಿನ ನಿಯಮಗಳು ಇನ್ನೂ ಸೂಕ್ಷ್ಮ. ಸಿಬ್ಬಂದಿ ಬಂದ ಹಡಗಿನಲ್ಲೇ ಮರಳುವುದಾದರೆ ಡಿ-1, ಬೇರೆ ಹಡಗಿನಲ್ಲೋ ವಿಮಾನದಲ್ಲೋ ಹೋಗುವುದಾದರೆ ಡಿ-2. ಶ್ರೀಮಂತರ ಖಾಸಗಿ ಯಾಟ್‌ನ ಅಡುಗೆಯವನಿಗೂ ಡ್ರೈ ಡಾಕ್‌ನಲ್ಲಿ ರಿಪೇರಿಗೆ ನಿಂತ ಹಡಗಿನ ಕೆಲಸಗಾರನಿಗೂ ಇವೆರಡೂ ನಡೆಯವು. ಅವರು ಬಿ-1 ಕೇಳಬೇಕು. ವಿಶ್ವಸಂಸ್ಥೆಯ ಕಚೇರಿಗೆ ಹೋಗಿಬರುವವರಿಗೆ ಸಿ-2 ಎಂಬ ಬೇರೊಂದು ದಾರಿಯಿದೆ. ಫಿಟ್ಟರ್‌ಗೆ ಇದೆಲ್ಲ ತಿಳಿದಿರಬೇಕಾಗಿಲ್ಲ. ಅವನಿಗೆ ತಿಳಿದಿರುವುದು ಒಂದೇ: ಪಾಸ್‌ಪೋರ್ಟಿನಲ್ಲಿ ಆ ಸ್ಟಿಕ್ಕರ್ ಇದ್ದವರನ್ನು ಕಂಪನಿ ಮೊದಲು ಕರೆಯುತ್ತದೆ. ಹಡಗು ಯಾವಾಗ ಅಮೆರಿಕದ ಕಡೆ ತಿರುಗುತ್ತದೋ ಯಾರಿಗೂ ಹೇಳಲಾಗದು. ವೀಸಾ ಇಲ್ಲದ ಕೈಯನ್ನು ಹತ್ತಿಸಿಕೊಂಡರೆ ಮುಂದೆ ತಲೆನೋವು.

ಮಂಗಳೂರು ಸೆಂಟ್ರಲ್‌ನಿಂದ ಮಧ್ಯಾಹ್ನ ಹೊರಡುವ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಇಂಥವರ ಹಳೆಯ ಪರಿಚಯದ ಗಾಡಿ. 1998ರಲ್ಲಿ ಕೊಂಕಣ ರೈಲು ಮಾರ್ಗ ಪೂರ್ತಿ ತೆರೆದ ಮೇಲೆ ಮಂಗಳೂರು–ಮುಂಬೈ ದಾರಿ ಒಂದು ರಾತ್ರಿಯ ಮಾತಾಯಿತು. ಮೂಲ್ಕಿ, ಉಡುಪಿ, ಕುಂದಾಪುರ, ಭಟ್ಕಳ, ಕಾರವಾರ ದಾಟುತ್ತ ಅದು ಹೋಟೆಲಿನವರನ್ನು, ಬ್ಯಾಂಕಿನವರನ್ನು, ಮದುವೆಗೆ ಬಂದು ಮರಳುವವರನ್ನು ಹೊತ್ತೊಯ್ಯುತ್ತದೆ. ನಡುನಡುವೆ ಜಿಪ್ ಇರುವ ಫೈಲನ್ನು ತಲೆದಿಂಬಿನ ಕೆಳಗಿಟ್ಟು ಮಲಗಿದ ಹಡಗಿನವರನ್ನೂ ಒಯ್ಯುತ್ತದೆ. ಫೈಲಿನೊಳಗೆ ಪಾಸ್‌ಪೋರ್ಟ್, ಎಲ್ಲರೂ ಸಿಡಿಸಿ ಎಂದು ಕರೆಯುವ ನಾವಿಕರ ಪುಸ್ತಕ, ನಾವಿಕರ ನೋಂದಣಿಯ ಇಂಡೋಸ್ ನಂಬರು, ಎಸ್‌ಟಿಸಿಡಬ್ಲ್ಯು ತರಬೇತಿಯ ಸರ್ಟಿಫಿಕೇಟುಗಳು, ಮೆಡಿಕಲ್, ಕಂಪನಿಯ ಪತ್ರ. ಬೆಳಗಾಗುವಾಗ ಗಾಡಿ ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್ ಮುಟ್ಟುತ್ತದೆ. ಅಲ್ಲಿಂದ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ಗೆ, ಅಂದರೆ 2011ರಲ್ಲಿ ಬ್ರೀಚ್ ಕ್ಯಾಂಡಿಯ ಲಿಂಕನ್ ಹೌಸ್ ಬಿಟ್ಟು ಬಂದ ಅಮೆರಿಕದ ಕಾನ್ಸುಲೇಟಿಗೆ, ದೂರ ಬಹಳವಿಲ್ಲ.

ಲೆಕ್ಕ ಪ್ರಕಾರ ಕರ್ನಾಟಕ ಬರುವುದು ಚೆನ್ನೈ ಕಾನ್ಸುಲೇಟಿನ ವ್ಯಾಪ್ತಿಗೆ. ಬೆಂಗಳೂರಿನಲ್ಲಿ 2025ರ ಜನವರಿ 17ರಂದು ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾದಾಗ ದಶಕಗಳ ಬೇಡಿಕೆ ಈಡೇರಿತೆಂದು ಎಲ್ಲರೂ ಸಂಭ್ರಮಿಸಿದರು. ಆದರೆ ಬಾಗಿಲು ತೆರೆದ ಆ ದಿನ ಅಲ್ಲಿ ವೀಸಾ ಕೊಡುವ ವ್ಯವಸ್ಥೆ ಇರಲಿಲ್ಲ. ಅಷ್ಟಕ್ಕೂ ಹಡಗಿನವರಿಗೆ ಮುಂಬೈಯೇ ರಾಜಧಾನಿ. ಡೈರೆಕ್ಟರೇಟ್ ಜನರಲ್ ಆಫ್ ಶಿಪ್ಪಿಂಗ್ ಇರುವುದು ಅಲ್ಲಿ. ಬ್ಯಾಲಾರ್ಡ್ ಎಸ್ಟೇಟ್, ಅಂಧೇರಿ, ಬೇಲಾಪುರದ ಕಟ್ಟಡಗಳಲ್ಲಿ ಸಿಬ್ಬಂದಿ ಒದಗಿಸುವ ಕಂಪನಿಗಳು ಇರುವುದೂ ಅಲ್ಲೇ. ವೀಸಾದ ದಿನ ಗೊತ್ತುಮಾಡುವುದು, ಶುಲ್ಕ ಕಟ್ಟುವುದು, ಪತ್ರ ಕೊಡುವುದು ಎಲ್ಲ ಅವರ ಕೆಲಸ.

ಶುಲ್ಕದ ಮಾತು ಬಂತು. 2023ರ ಜೂನ್‌ನಿಂದ ಅದು 185 ಡಾಲರ್, ಅದಕ್ಕೂ ಮೊದಲು 160. ಇದನ್ನು ಯಾರು ಕಟ್ಟಬೇಕು ಎಂಬ ಬಗ್ಗೆ ಅಂತರರಾಷ್ಟ್ರೀಯ ಒಪ್ಪಂದವೇ ಇದೆ ಎಂಬುದು ಕರಾವಳಿಯ ಎಷ್ಟೋ ಮನೆಗಳಿಗೆ ತಿಳಿದಿಲ್ಲ. 2006ರ ಮಾರಿಟೈಮ್ ಲೇಬರ್ ಕನ್ವೆನ್ಷನ್ ಪ್ರಕಾರ ಕೆಲಸ ಕೊಡಿಸಿದ್ದಕ್ಕೆ ನಾವಿಕನಿಂದ ಹಣ ತೆಗೆದುಕೊಳ್ಳುವಂತಿಲ್ಲ. ಅವನ ಜೇಬಿನಿಂದ ಹೋಗಬಹುದಾದದ್ದು ಮೆಡಿಕಲ್ ಸರ್ಟಿಫಿಕೇಟ್, ನಾವಿಕರ ಪುಸ್ತಕ, ಪಾಸ್‌ಪೋರ್ಟು, ಇಷ್ಟರ ಖರ್ಚು. ವೀಸಾ ಖರ್ಚು ಹಡಗಿನ ಮಾಲೀಕರದು ಎಂದು ಅದರಲ್ಲಿ ಬಿಡಿಸಿಯೇ ಬರೆದಿದೆ. ಭಾರತ ಈ ಒಪ್ಪಂದವನ್ನು ಅನುಮೋದಿಸಿದ್ದು 2015ರ ಅಕ್ಟೋಬರ್ 9ರಂದು. ಹಾಗಿದ್ದೂ 'ಯುಎಸ್ ವೀಸಾ ಸಮೇತ ಕ್ರೂಸ್ ಕೆಲಸ' ಎಂದು ಲಕ್ಷಗಟ್ಟಲೆ ಕೇಳುವ ಜನ ಇದ್ದೇ ಇದ್ದಾರೆ. ಎದುರಿಗೆ ಕುಳಿತ ಏಜೆಂಟನ ಬಳಿ ನಾವಿಕರನ್ನು ಕೆಲಸಕ್ಕೆ ಸೇರಿಸಲು ಡಿಜಿ ಶಿಪ್ಪಿಂಗ್ ಕೊಟ್ಟ ಆರ್‌ಪಿಎಸ್‌ಎಲ್ ಲೈಸೆನ್ಸ್ ಇದೆಯೇ ಎಂದು ಒಮ್ಮೆ ಕೇಳಿದರೆ ಅರ್ಧ ಗುಟ್ಟು ಅಲ್ಲೇ ಬಯಲು.

ಬೆರಳಚ್ಚು ಮತ್ತು ಫೋಟೊ ಒಂದು ಕಡೆ, ಸಂದರ್ಶನ ಇನ್ನೊಂದು ಕಡೆ. ಫೋಟೊ ಎರಡು ಇಂಚು ಚದರ, ಹಿಂದೆ ಬಿಳಿ, ಕನ್ನಡಕ ಕೂಡದು. ಕನ್ನಡಕದ ಈ ನಿಷೇಧ 2016ರ ನವೆಂಬರಿನಿಂದ ಬಂದದ್ದು. 2019ರಿಂದೀಚೆಗೆ ಕಳೆದ 5 ವರ್ಷ ಬಳಸಿದ ಸಾಮಾಜಿಕ ಜಾಲತಾಣಗಳ ಖಾತೆಯ ಹೆಸರುಗಳನ್ನೂ ಕೊಡಬೇಕು. ಅರ್ಜಿಯಲ್ಲಿ ಸಿಬ್ಬಂದಿಗೆಂದೇ ಒಂದು ಪುಟ ಬೇರೆ: ಹಡಗಿನ ಹೆಸರೇನು, ಅದರ ಗುರುತಿನ ಸಂಖ್ಯೆ ಏನು, ಅದರಲ್ಲಿ ನಿಮ್ಮ ಕೆಲಸವೇನು, ಕೆಲಸ ಕೊಡಿಸಿದ ಏಜೆನ್ಸಿ ಯಾವುದು? ಫಿಟ್ಟರ್ ಪ್ರಾಮಾಣಿಕವಾಗಿ ಬರೆಯುತ್ತಾನೆ. ವೀಸಾ ಕೈಗೆ ಬರುವಷ್ಟರಲ್ಲಿ ಆ ಹಡಗು ಇನ್ನೊಬ್ಬ ಫಿಟ್ಟರನ್ನು ಹತ್ತಿಸಿಕೊಂಡು ಆಫ್ರಿಕದ ಕಡೆ ಹೊರಟಿರಬಹುದು. ಭಾರತೀಯರಿಗೆ ಈ ವೀಸಾ ಸಾಮಾನ್ಯವಾಗಿ ಹತ್ತು ವರ್ಷದ್ದಾದ್ದರಿಂದ ನಷ್ಟವೇನಿಲ್ಲ.

ಕಾನ್ಸುಲೇಟಿನ ಒಳಗೆ ಫೋನು ಬಿಡುವುದಿಲ್ಲ. ಹೊರಗೆ ಅದನ್ನೂ ಚೀಲವನ್ನೂ ದುಡ್ಡಿಗೆ ಇಟ್ಟುಕೊಳ್ಳುವವರಿದ್ದಾರೆ. ಸಾಲಿನಲ್ಲಿ ವಿದ್ಯಾರ್ಥಿಗಳು ಉತ್ತರಗಳನ್ನು ಬಾಯಿಪಾಠ ಮಾಡುತ್ತಿರುತ್ತಾರೆ, ವಯಸ್ಸಾದವರು ಮಗನ ಸಂಬಳದ ಚೀಟಿ ಹಿಡಿದಿರುತ್ತಾರೆ. ಹಡಗಿನವರ ಸರದಿ ಬಂದಾಗ ಮಾತು ಚಿಕ್ಕದು. ಯಾವ ಕಂಪನಿ, ಯಾವ ಕೆಲಸ, ಎಷ್ಟು ತಿಂಗಳ ಕಾಂಟ್ರಾಕ್ಟ್, ಹಿಂದೆ ಯಾವ ಹಡಗು? ಚಿಕ್ಕದೆಂದು ಹಗುರವೇನಲ್ಲ. ಅಮೆರಿಕದ ವಲಸೆ ಕಾಯ್ದೆಯ 214(ಬಿ) ವಿಧಿಯ ದೃಷ್ಟಿಯಲ್ಲಿ ಕಿಟಕಿಯ ಮುಂದೆ ನಿಂತ ಬಹುತೇಕ ಪ್ರತಿಯೊಬ್ಬನೂ ಅಲ್ಲಿಯೇ ಉಳಿಯಲು ಹೊರಟವನು. ಅಲ್ಲ ಎಂದು ತೋರಿಸಬೇಕಾದವನು ಅವನೇ. ಮೊದಲ ಬಾರಿ ಹಡಗು ಹತ್ತುವ ಇಪ್ಪತ್ತರ ಹುಡುಗ ಇದನ್ನು ತೋರಿಸುವುದಾದರೂ ಹೇಗೆ? ಅವನ ಬಳಿ ಹೊಲವಿಲ್ಲ, ಹೆಂಡತಿ ಮಕ್ಕಳಿಲ್ಲ, ಸೀ ಟೈಮ್, ಅಂದರೆ ಹಡಗಿನಲ್ಲಿ ದುಡಿದ ಅವಧಿ, ಇಲ್ಲ. ಇದ್ದರೆ ಕಂಪನಿಯ ಪತ್ರ ಒಂದೇ. ಹತ್ತು ವರ್ಷದಲ್ಲಿ ಹತ್ತು ಬಾರಿ ಹೋಗಿ ಹತ್ತು ಬಾರಿ ಮರಳಿದ ಸಿಡಿಸಿಯ ಪುಟಗಳೇ ಹಳಬನ ಪರವಾಗಿ ಮಾತಾಡುತ್ತವೆ. ಹೊಸಬನಿಗೆ ಆ ಸಾಕ್ಷಿ ಇಲ್ಲ.

ವೀಸಾ ಬಂದ ಮೇಲಿನ ಪ್ರಯಾಣಕ್ಕೆ ಅದರದ್ದೇ ಠಾಕುಠೀಕು. ಟಿಕೆಟ್ 'ಮರೀನ್ ಫೇರ್' ಎಂಬ ದರದ್ದು: ಸಾಮಾನು ಹೆಚ್ಚು ಒಯ್ಯಬಹುದು, ಕೊನೇ ಗಳಿಗೆಯಲ್ಲಿ ದಿನಾಂಕ ಬದಲಿಸಬಹುದು. ಹಡಗು ಎರಡು ದಿನ ತಡವಾಯಿತೆಂದರೆ ಮನುಷ್ಯನೂ ತಡವಾಗಬೇಕಲ್ಲ. ದಾರಿಯಲ್ಲಿ ಸಿಗುವ ದೇಶಗಳಿಗೂ ಅವರವರ ಕಟ್ಟಳೆ. ಬ್ರಿಟನ್ನಿನಲ್ಲಿ ವಿಮಾನ ನಿಲ್ದಾಣದಿಂದ ಹೊರಗೆ ಹೋಗದೆ ಒಂದು ವಿಮಾನದಿಂದ ಇನ್ನೊಂದಕ್ಕೆ ಏರಲೂ ಭಾರತೀಯರಿಗೆ, ವಿನಾಯಿತಿಗಳಿಲ್ಲದಿದ್ದರೆ, 'ಡೈರೆಕ್ಟ್ ಏರ್‌ಸೈಡ್ ಟ್ರಾನ್ಸಿಟ್ ವೀಸಾ' ಬೇಕು. ಷೆಂಗೆನ್ ದೇಶಗಳು 2009ರ ವೀಸಾ ಸಂಹಿತೆಯಲ್ಲಿ ಶ್ರೀಲಂಕಾ, ಬಾಂಗ್ಲಾದೇಶ, ಪಾಕಿಸ್ತಾನ ಮೊದಲಾದವುಗಳ ಪ್ರಜೆಗಳಿಗೆ ಇಂಥ ವೀಸಾ ಕಡ್ಡಾಯ ಮಾಡಿವೆ. ಅದೇ ಸಂಹಿತೆ ನಾಗರಿಕ ವಿಮಾನಯಾನದ ಷಿಕಾಗೊ ಒಪ್ಪಂದಕ್ಕೆ ಸೇರಿದ ದೇಶಗಳ ವಿಮಾನ ಸಿಬ್ಬಂದಿಗೆ ವಿನಾಯಿತಿ ಕೊಡುತ್ತದೆ. ಹಡಗಿನ ಸಿಬ್ಬಂದಿ ಆ ಸಾಲಿನಲ್ಲಿಲ್ಲ. ಆಕಾಶದವರಿಗೂ ಸಮುದ್ರದವರಿಗೂ ಈ ಭೇದ ಯಾಕೋ! ಸಮಾಧಾನಕ್ಕೆಂಬಂತೆ, ತುರ್ತಾಗಿ ಹಡಗು ಸೇರಬೇಕಾದ ನಾವಿಕನಿಗೆ ಗಡಿಯಲ್ಲೇ ವೀಸಾ ಕೊಡುವ ದಾರಿಯನ್ನು ಆ ಸಂಹಿತೆ ತೆರೆದಿಟ್ಟಿದೆ.

ಅಮೆರಿಕದಲ್ಲಿ ಈ ನಡುಮನೆಯೇ ಇಲ್ಲ. ಅಲ್ಲಿನ ವಿಮಾನ ನಿಲ್ದಾಣಗಳಲ್ಲಿ ದೇಶದೊಳಕ್ಕೆ ಬಾರದೆ ಕಾದು ಕುಳಿತು ಮುಂದಿನ ವಿಮಾನ ಹಿಡಿಯುವ ವ್ಯವಸ್ಥೆ ಇಲ್ಲ. ಮೆಕ್ಸಿಕೊಗೆ ಹೊರಟು ನಡುವೆ ಎರಡು ತಾಸು ಡಲ್ಲಾಸ್‌ನಲ್ಲಿ ಕೂರುವವನೂ ಇಮಿಗ್ರೇಷನ್ ದಾಟಲೇಬೇಕು. ವೀಸಾ ಇಲ್ಲದೆ ಹಾದುಹೋಗಲು ಬಿಡುತ್ತಿದ್ದ ಹಳೆಯ ಪದ್ಧತಿಯನ್ನು 2003ರ ಆಗಸ್ಟ್ 2ರಂದು ನಿಲ್ಲಿಸಲಾಯಿತು.

ಹೂಸ್ಟನ್‌ನಲ್ಲಿ ಇಳಿದ ಫಿಟ್ಟರ್‌ನ ಕಾಗದಗಳನ್ನು ಅಧಿಕಾರಿ ನೋಡಿ, ಸಿ-1 ಎಂದು ಬರೆದು ದಿನಾಂಕ ಹಾಕುತ್ತಾರೆ. ಹೊರಗೆ ಹಡಗಿನ ಹೆಸರು ಬರೆದ ರಟ್ಟು ಹಿಡಿದು ಲೋಕಲ್ ಏಜೆಂಟ್ ನಿಂತಿರುತ್ತಾನೆ. ವ್ಯಾನು, ಹೋಟೆಲು, ಮತ್ತೆ ವ್ಯಾನು, ಬಂದರಿನ ಗೇಟು, ಗ್ಯಾಂಗ್‌ವೇ. ಮೇಲೆ ಹತ್ತಿ ಸಹಿ ಹಾಕಿದ ಗಳಿಗೆಯಿಂದ ಅವನು ಪ್ರಯಾಣಿಕನಲ್ಲ, 'ಸೈನ್ ಆನ್' ಆದ ಸಿಬ್ಬಂದಿ. ಅದೇ ಸಂಜೆ ಯಾವುದೋ ಪಂಪಿನ ಕೆಳಗೆ ತಲೆ ತೂರಿಸಿದರೆ ಹೊರಗಿರುವುದು ಟೆಕ್ಸಾಸೋ ಪಣಂಬೂರೋ ತಿಳಿಯುವುದಿಲ್ಲ. ಎಂಜಿನ್ ರೂಮಿನ ಸೆಕೆ ಎಲ್ಲ ದೇಶದಲ್ಲೂ ಒಂದೇ.

ಹಡಗಿನಲ್ಲೇ ಬರುವವರ ಕಥೆ ಬೇರೆ. ಬಂದರು ತಲುಪುವ 96 ಗಂಟೆ ಮೊದಲೇ ಕ್ಯಾಪ್ಟನ್ ಎಲ್ಲರ ಹೆಸರು, ಪಾಸ್‌ಪೋರ್ಟ್ ವಿವರ ಕಳುಹಿಸಿರುತ್ತಾನೆ. ಹಡಗು ಕಟ್ಟಿದ ಮೇಲೆ ಕಸ್ಟಮ್ಸ್ ಮತ್ತು ಗಡಿ ರಕ್ಷಣೆಯ ಅಧಿಕಾರಿಗಳು ಮೇಲೆ ಬರುತ್ತಾರೆ. ಸಾಮಾನ್ಯವಾಗಿ ಸಲೂನ್‌ನಲ್ಲೋ ಮೆಸ್‌ನಲ್ಲೋ ಮೇಜು ಹಾಕಿ, ಒಬ್ಬೊಬ್ಬರನ್ನೇ ಕರೆದು, ಮುಖಕ್ಕೂ ಫೋಟೊಕ್ಕೂ ತಾಳೆ ನೋಡುತ್ತಾರೆ. ವೀಸಾ ಇದ್ದವನಿಗೆ ನೆಲಕ್ಕಿಳಿಯುವ ಅನುಮತಿ ಸಿಗಬಹುದು. 'ಬಹುದು' ಅಷ್ಟೆ, ವೀಸಾ ಎಂಬುದು ಕೇಳುವ ಹಕ್ಕು ಮಾತ್ರ. ಇಲ್ಲದವನ ಹೆಸರಿನ ಮುಂದೆ ಹಡಗಿನಲ್ಲೇ ಇರತಕ್ಕದ್ದು ಎಂಬ ಆದೇಶ ಬೀಳುತ್ತದೆ. ಅವನೇನಾದರೂ ಇಳಿದು ಮಾಯವಾದರೆ ದಂಡ ಹಡಗಿನದು. ಆ ಭಯಕ್ಕೆ ಕೆಲವು ಕಡೆ ಗ್ಯಾಂಗ್‌ವೇ ಬಳಿ ಕಾವಲುಗಾರರನ್ನು ನಿಲ್ಲಿಸುತ್ತಾರೆ, ಅದರ ಖರ್ಚೂ ಹಡಗಿನ ಮೇಲೆ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂಬ ಗಾದೆ ನಮ್ಮಲ್ಲಿದೆ. ಇಲ್ಲಿ ಅದು ತಲೆಕೆಳಗು: ನೀರಿಗೆ ಬಂದವನು ಊರಿಗೆ ಬರುವಂತಿಲ್ಲ.

ಹಿಂದೆ ಹೀಗಿರಲಿಲ್ಲ. ಕ್ಯಾಪ್ಟನ್ ಸಿಬ್ಬಂದಿಯ ಪಟ್ಟಿಯನ್ನು ಅಮೆರಿಕದ ಕಾನ್ಸುಲ್ ಮುಂದೆ ಇಟ್ಟರೆ ಇಡೀ ಪಟ್ಟಿಗೆ ಒಂದೇ ವೀಸಾ ಬೀಳುತ್ತಿತ್ತು. ವೀಸಾ ಹಡಗಿಗೆ ಸಿಕ್ಕಂತೆ, ಅದರೊಳಗಿನ ಮನುಷ್ಯರಿಗೂ ಸಿಕ್ಕಂತೆ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಈ ಪದ್ಧತಿ ಉಳಿಯುವಂತಿರಲಿಲ್ಲ. 2004ರ ಜೂನ್ 16ರಿಂದ 'ಕ್ರೂ ಲಿಸ್ಟ್ ವೀಸಾ' ರದ್ದಾಯಿತು. ಭದ್ರತೆಯ ವಾದವನ್ನು ತಳ್ಳಿಹಾಕಲಾಗದು. ಆದರೆ ಹೊರೆ ಎಲ್ಲಿಂದ ಎಲ್ಲಿಗೆ ಸರಿಯಿತು ಎಂಬುದನ್ನು ಗಮನಿಸಬೇಕು. ಒಂದು ಹಡಗು ಮಾಡುತ್ತಿದ್ದ ಕೆಲಸವನ್ನು ಈಗ ಇಪ್ಪತ್ತೆರಡು ಮಂದಿ ಇಪ್ಪತ್ತೆರಡು ಊರುಗಳಿಂದ ರೈಲು ಹತ್ತಿ ಮಾಡಬೇಕು, ಅದೂ ಹಡಗಿನಲ್ಲಿ ಇಲ್ಲದ ರಜೆಯ ದಿನಗಳಲ್ಲಿ.

ನಾವಿಕ ಇಳಿದು ಮಾಯವಾದಾನೆಂಬ ಅನುಮಾನಕ್ಕೆ ಇನ್ನೂ ಹಳೆಯ ಬೇರಿದೆ. ಬ್ರಿಟಿಷ್ ಉಗಿಹಡಗುಗಳ ಒಲೆಗಳಿಗೆ ಕಲ್ಲಿದ್ದಲು ಎಸೆಯುತ್ತಿದ್ದ ಭಾರತೀಯ ಲಸ್ಕರ್‌ಗಳಲ್ಲಿ ಹಲವರು ನ್ಯೂಯಾರ್ಕ್ ಮೊದಲಾದ ಬಂದರುಗಳಲ್ಲಿ ಇಳಿದು ಮರಳಲೇ ಇಲ್ಲ. 1917ರ ಅಮೆರಿಕನ್ ಕಾಯ್ದೆ ಭಾರತವನ್ನೂ ಸೇರಿಸಿ ಏಷ್ಯಾದ ಬಹುಭಾಗದ ವಲಸೆಗೆ ಬಾಗಿಲು ಹಾಕಿತ್ತು. ಹಾಗಾಗಿ ಹಡಗಿನಿಂದ ಜಿಗಿಯುವುದೇ ಉಳಿದ ದಾರಿ. ವಿವೇಕ್ ಬಾಲ್ಡ್ 2013ರಲ್ಲಿ ಪ್ರಕಟಿಸಿದ 'ಬೆಂಗಾಲಿ ಹಾರ್ಲೆಮ್' ಪುಸ್ತಕ ಇವರ ಜಾಡು ಹಿಡಿದು ಹೋಗಿದೆ. ಹಾರ್ಲೆಮ್‌ನ ಪೋರ್ಟೊ ರಿಕೊ ಮತ್ತು ಕಪ್ಪು ಜನರ ಕೇರಿಗಳಲ್ಲಿ ಮದುವೆಯಾಗಿ ನೆಲೆ ನಿಂತ ಬಂಗಾಳಿ ನಾವಿಕರು, ಅವರ ಮಕ್ಕಳು, ಅವರ ಹೋಟೆಲುಗಳು. ಓದುವವರಿಗೆ ಅದು ಸಾಹಸದ ಕಥೆ, ವೀಸಾ ಅಧಿಕಾರಿಗೆ ಎಚ್ಚರಿಕೆಯ ಕಡತ.

ಸಮುದ್ರದವರಿಗೆ ಒಂದು ಜಾಗತಿಕ ಗುರುತಿನ ಚೀಟಿ ಇದ್ದರೆ ಈ ಗೋಳು ಕಡಿಮೆಯಾದೀತೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1958ರಲ್ಲೇ ಒಂದು ಒಪ್ಪಂದ ಮಾಡಿತು. ಮತ್ತೆ 2003ರಲ್ಲಿ, ಬೆರಳಚ್ಚಿನ ಕಾಲಕ್ಕೆ ತಕ್ಕಂತೆ, 185ನೆಯ ಸಂಖ್ಯೆಯ ಹೊಸ ಒಪ್ಪಂದ ತಂದಿತು. ಈ ಚೀಟಿ ಇದ್ದವನಿಗೆ ನೆಲಕ್ಕಿಳಿಯಲು ವೀಸಾ ಕೇಳಬಾರದೆಂಬುದು ಅದರ ತಿರುಳು. ಭಾರತ ಇದನ್ನೂ 2015ರ ಅಕ್ಟೋಬರಿನಲ್ಲೇ ಅನುಮೋದಿಸಿತು. 2020ರ ಫೆಬ್ರವರಿ 20ರಂದು ದೆಹಲಿಯಲ್ಲಿ, ಮುಖಚಹರೆ ಗುರುತಿಸುವ ಚಿಪ್ ಇರುವ ಬಿಎಸ್‌ಐಡಿ ಕಾರ್ಡನ್ನು ಬಿಡುಗಡೆ ಮಾಡಿ, ಇಂಥದ್ದನ್ನು ಕೊಡುವ ಮೊದಲ ದೇಶ ಎನಿಸಿಕೊಂಡಿತು. ಅಮೆರಿಕ ಎರಡೂ ಒಪ್ಪಂದಗಳನ್ನು ಅನುಮೋದಿಸದೆ ಹೊರಗೇ ಉಳಿದಿದೆ. ಫಿಟ್ಟರ್‌ನ ಪರ್ಸಿನಲ್ಲಿ ಆ ಕಾರ್ಡ್ ಹೊಳೆಯುತ್ತದೆ, ಹೂಸ್ಟನ್‌ನಲ್ಲಿ ಅದು ವೀಸಾದ ಜಾಗಕ್ಕೆ ನಿಲ್ಲುವುದಿಲ್ಲ.

ಆಸ್ಟ್ರೇಲಿಯಾ ಇನ್ನೊಂದು ಬಗೆ. ಅಲ್ಲಿಯೂ 2008ರ ಜನವರಿಯಿಂದ ಪ್ರತಿ ನಾವಿಕನಿಗೂ ಪ್ರತ್ಯೇಕ ವೀಸಾ ಕಡ್ಡಾಯ. 988ನೆಯ ವರ್ಗದ 'ಮಾರಿಟೈಮ್ ಕ್ರೂ ವೀಸಾ' ಎಂದು ಅದರ ಹೆಸರು. ಅರ್ಜಿ ಆನ್‌ಲೈನ್, ಶುಲ್ಕವಿಲ್ಲ, ಅವಧಿ ಮೂರು ವರ್ಷದವರೆಗೆ. ರೈಲು ಹತ್ತಬೇಕಾಗಿಲ್ಲ. ಒಂದೇ ಕೊಕ್ಕೆ: ಅದು ಸಮುದ್ರದಿಂದ ಬರುವವರಿಗೆ ಮಾತ್ರ. ಹಡಗು ಸೇರಲು ಪರ್ತ್‌ಗೆ ವಿಮಾನದಲ್ಲಿ ಇಳಿಯುವವನು 771ನೆಯ ವರ್ಗದ ಟ್ರಾನ್ಸಿಟ್ ವೀಸಾವನ್ನೋ ಮತ್ತೊಂದನ್ನೋ ತರಬೇಕು. ಭದ್ರತೆಯನ್ನೂ ಕಾಪಾಡಿ ಮನುಷ್ಯನನ್ನೂ ಅಲೆಸದಿರುವುದು ಸಾಧ್ಯ ಎಂಬುದಕ್ಕೆ ಇಷ್ಟು ಸಾಕು.

ಕ್ರೂಸ್ ಹಡಗುಗಳ ಲೋಕದಲ್ಲಿ 29 ದಿನಗಳ ಲೆಕ್ಕಕ್ಕೆ ಒಂದು ತಮಾಷೆಯ ತಿರುವಿದೆ. ಮಂಗಳೂರು, ಉಡುಪಿ, ಗೋವೆಯ ಹುಡುಗರು ಅಡುಗೆಮನೆಯಲ್ಲಿ, ಬಾರಿನಲ್ಲಿ, ಕೋಣೆಗಳ ಸೇವೆಯಲ್ಲಿ ದುಡಿಯುವ ಈ ಹಡಗುಗಳಲ್ಲಿ ಬಹುಪಾಲು ಬಹಾಮಾಸ್ ಅಥವಾ ಪನಾಮಾ ಧ್ವಜದವು. ಮಯಾಮಿಯಲ್ಲೇ ವರ್ಷಪೂರ್ತಿ ನೆಲೆ ನಿಂತರೂ ಕಾಗದದಲ್ಲಿ ಪರದೇಶಿ. ಪರದೇಶಿ ಹಡಗು ಒಂದು ಅಮೆರಿಕನ್ ಬಂದರಿನಿಂದ ಇನ್ನೊಂದಕ್ಕೆ ಜನರನ್ನು ಒಯ್ಯಬಾರದೆಂದು 1886ರ ಕಾಯ್ದೆ ಹೇಳುತ್ತದೆ. ಆದ್ದರಿಂದ ಸಿಯಾಟಲ್‌ನಿಂದ ಅಲಾಸ್ಕಾಕ್ಕೆ ಹೋಗಿಬರುವ ಹಡಗು ಕೆನಡಾದ ವಿಕ್ಟೋರಿಯಾದಲ್ಲಿ ಕೆಲವೇ ತಾಸು ನಿಂತು ಕಾಟಾಚಾರ ಮುಗಿಸುತ್ತದೆ. ಹಿಂದೊಮ್ಮೆ ನಾರ್ವೇಜಿಯನ್ ಕಂಪನಿ ಹವಾಯಿಯ ಪ್ರವಾಸಿಗರನ್ನು ಇದೇ ಕಾರಣಕ್ಕೆ ಸುಮಾರು ಸಾವಿರ ಮೈಲಿ ದಕ್ಷಿಣದ ಕಿರಿಬಾಟಿ ದೇಶದ ಫ್ಯಾನಿಂಗ್ ದ್ವೀಪದವರೆಗೆ ಒಯ್ದು ತರುತ್ತಿತ್ತು. ಪ್ರಯಾಣಿಕರಿಗೆ ಅದು ಹವಳದ ದಂಡೆ. ಸಿಬ್ಬಂದಿಯ ವೀಸಾ ಲೆಕ್ಕಕ್ಕೂ ಈ ಪರದೇಶದ ಮುಟ್ಟುವಿಕೆ ಅನುಕೂಲವೇ. ಹಡಗು ಹೊರಹೋಗಿ ಬಂದಾಗ 29 ದಿನಗಳು ಮತ್ತೆ ಒಂದರಿಂದ ಶುರು. ಹೀಗೆ ಒಬ್ಬ ಬಾಣಸಿಗ ಪ್ರತಿ ವಾರಾಂತ್ಯ ಫ್ಲೋರಿಡಾ ನೋಡುತ್ತ ವರ್ಷಗಳನ್ನು ಕಳೆಯಬಹುದು, ಒಮ್ಮೆಯೂ ಅಲ್ಲಿ ವಾಸಿಸದೆ.

ವಿಮಾನದವರೂ ಇದೇ ಸ್ಟಿಕ್ಕರಿನವರು. 2021ರ ಜನವರಿ 9ರಂದು ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟು ಉತ್ತರ ಧ್ರುವದ ಮೇಲೆ ಹಾರಿ 11ರಂದು ಬೆಂಗಳೂರಿಗೆ ಇಳಿದ ಏರ್ ಇಂಡಿಯಾದ ಮೊದಲ ನೇರ ವಿಮಾನದ ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಮಹಿಳೆಯರು. ಕ್ಯಾಪ್ಟನ್ ಜೋಯಾ ಅಗರ್ವಾಲ್ ತಂಡದ ಫೋಟೊಗಳು ಎಲ್ಲೆಡೆ ಬಂದವು. ಅಂಥ ದೂರದ ಹಾರಾಟಕ್ಕೂ ಮೊದಲು ಪ್ರತಿ ಪೈಲಟ್, ಪ್ರತಿ ಗಗನಸಖಿ ಅದೇ ಡಿಎಸ್-160 ತುಂಬಬೇಕು. ವ್ಯತ್ಯಾಸ ನಂತರದ್ದು. ವಿಮಾನದವರು ಹೋಟೆಲಿನಲ್ಲಿ ಮಲಗಿ, ಊರು ಸುತ್ತಿ, ನಿಗದಿಯಾದ ದಿನ ಮರಳುತ್ತಾರೆ. ಸಿಬ್ಬಂದಿ ವಿಮಾನದಲ್ಲೇ ಮಲಗಿರಲಿ ಎಂದು ಯಾರೂ ಹೇಳುವುದಿಲ್ಲ.

ಹಡಗಿನವರಿಗೆ ಹೇಳುತ್ತಾರೆ. 2024ರ ಮಾರ್ಚ್ 26ರ ನಸುಕಿನಲ್ಲಿ ಬಾಲ್ಟಿಮೋರ್ ಬಂದರಿನಿಂದ ಕೊಲಂಬೊಗೆ ಹೊರಟಿದ್ದ 'ಡಾಲಿ' ಎಂಬ 984 ಅಡಿ ಉದ್ದದ ಸಿಂಗಪುರದ ಕಂಟೇನರ್ ಹಡಗು ವಿದ್ಯುತ್ ಕಳೆದುಕೊಂಡು ಫ್ರಾನ್ಸಿಸ್ ಸ್ಕಾಟ್ ಕೀ ಸೇತುವೆಯ ಕಂಬಕ್ಕೆ ಬಡಿಯಿತು. ಸೇತುವೆ ಕುಸಿದು, ಅದರ ಮೇಲೆ ರಸ್ತೆ ಗುಂಡಿ ಮುಚ್ಚುತ್ತಿದ್ದ ಆರು ಕೆಲಸಗಾರರು ತೀರಿಕೊಂಡರು. ಹಡಗಿನಲ್ಲಿದ್ದ ಸಿಬ್ಬಂದಿ 21, ಅವರಲ್ಲಿ 20 ಮಂದಿ ಭಾರತೀಯರು, ಒಬ್ಬ ಶ್ರೀಲಂಕಾದವನು. ಮುರಿದ ಉಕ್ಕನ್ನು ಮೂತಿಯ ಮೇಲೆ ಹೊತ್ತ ಹಡಗಿನಲ್ಲಿ ಅವರು ವಾರಗಟ್ಟಲೆ ಉಳಿದರು. ಒಂದು ಕಾರಣ ತನಿಖೆ. ಇನ್ನೊಂದು ವೀಸಾ ತೊಡಕು ಮತ್ತು ನೆಲಕ್ಕಿಳಿಯುವ ಪಾಸು ಇಲ್ಲದ್ದು. ತನಿಖೆಗೆಂದು ಎಫ್‌ಬಿಐ ಅವರ ಫೋನುಗಳನ್ನು ತೆಗೆದುಕೊಂಡಿತು. ಬದಲಿಗೆ ಸಿಕ್ಕ ಫೋನುಗಳಲ್ಲಿ ಡೇಟಾ ಇರಲಿಲ್ಲ, ಮನೆಯ ಬ್ಯಾಂಕ್ ಕೆಲಸಗಳು ನಿಂತವು. ಮೇ 13ರಂದು ಸೇತುವೆಯ ತುಂಡನ್ನು ಸ್ಫೋಟಕ ಇಟ್ಟು ಕತ್ತರಿಸಿದಾಗಲೂ ಅವರು ಹಡಗಿನೊಳಗೇ ಇದ್ದರು. ಮೇ 20ರಂದು ಹಡಗನ್ನು ತೇಲಿಸಿ ದಡಕ್ಕೆ ಎಳೆದು ತಂದರು; ಸಿಬ್ಬಂದಿ ಆಗಲೂ ಮೇಲೆಯೇ. ಜೂನ್ ಕೊನೆಯ ಭಾಗದಲ್ಲಿ, ವಕೀಲರ ನಡುವಣ ಒಪ್ಪಂದದ ನಂತರ, ಅಡುಗೆಯವನು, ಫಿಟ್ಟರ್, ಆಯಿಲರ್, ಕೆಲವು ಸೀಮನ್‌ಗಳಿಗೆ ಮನೆಗೆ ಹೋಗಲು ದಾರಿಯಾಯಿತು. ಮೇಲಿನ ಅಧಿಕಾರಿಗಳು ಆ ಪಟ್ಟಿಯಲ್ಲಿರಲಿಲ್ಲ.

ಡಾಲಿಯದು ಅಪರೂಪದ ಅವಘಡ. ದಿನನಿತ್ಯದ ಕಥೆ ಸದ್ದಿಲ್ಲದ್ದು. ನ್ಯೂಯಾರ್ಕಿನ ಸೀಮೆನ್ಸ್ ಚರ್ಚ್ ಇನ್‌ಸ್ಟಿಟ್ಯೂಟ್ 1834ರಿಂದ ನಾವಿಕರ ಕಷ್ಟಸುಖ ನೋಡಿಕೊಂಡು ಬಂದ ಸಂಸ್ಥೆ. ಅಮೆರಿಕದ ಬಂದರುಗಳಲ್ಲಿ ಯಾರಿಗೆ ಹೊರಗೆ ಹೋಗಲು ಬಿಡಲಿಲ್ಲ, ಏಕೆ ಬಿಡಲಿಲ್ಲ ಎಂದು ಅದು ನಡೆಸುತ್ತ ಬಂದ ಸಮೀಕ್ಷೆಗಳಲ್ಲಿ ಮತ್ತೆ ಮತ್ತೆ ಮೇಲೆ ಬರುವ ಕಾರಣ ವೀಸಾ ಇಲ್ಲದಿರುವುದೇ. ವೀಸಾ ಇದ್ದವರಿಗೂ ಟರ್ಮಿನಲ್ ಎಂಬ ಎರಡನೆಯ ಗಡಿ ಇದೆ. ಅಮೆರಿಕದ ಬಂದರು ಕೆಲಸಗಾರರ ಗುರುತಿನ ಚೀಟಿ ಇಲ್ಲದವರು ಟರ್ಮಿನಲ್ ಒಳಗೆ ಒಂಟಿಯಾಗಿ ನಡೆಯುವಂತಿಲ್ಲ. ಹಿಂದೆ ಕೆಲವು ಕಡೆ ಗೇಟಿನವರೆಗೆ ಬಿಡಲು ದುಬಾರಿ ದರ ಕೇಳುತ್ತಿದ್ದರು. 2019ರಲ್ಲಿ ಅಮೆರಿಕದ ಕೋಸ್ಟ್ ಗಾರ್ಡ್ ನಿಯಮ ತಂದು, ನಾವಿಕರನ್ನು ಹಡಗಿನಿಂದ ಗೇಟಿಗೆ ಸಕಾಲದಲ್ಲಿ, ಅವರಿಂದ ದುಡ್ಡು ಪಡೆಯದೆ ತಲುಪಿಸಬೇಕೆಂದಿತು.

ಹಾಗಾಗಿ ಕಂಟೇನರುಗಳ ನಡುವಿನಿಂದ ನಾವಿಕರ ನೆರವಿಗಿರುವ ಸೀಮೆನ್ಸ್ ಮಿಷನ್ನಿನ ವ್ಯಾನು ಬಂದು ಗ್ಯಾಂಗ್‌ವೇ ಕೆಳಗೆ ನಿಲ್ಲುತ್ತದೆ. ಸರಕು ಇಳಿಸುವ ಕೆಲಸ ಈಗ ದಿನಗಳಲ್ಲಲ್ಲ, ಗಂಟೆಗಳಲ್ಲಿ ಮುಗಿಯುವುದರಿಂದ ವಾಚ್ ಪಾಳಿ ಇಲ್ಲದವರಿಗೆ ಮಾತ್ರ ಅವಕಾಶ. ಸಿ-1/ಡಿ ಇದ್ದವರು ಮುಖ ತೊಳೆದು ಇಸ್ತ್ರಿ ಅಂಗಿ ಹಾಕಿ ಇಳಿಯುತ್ತಾರೆ, ಇಲ್ಲದವರು ಮೇಲಿನಿಂದ ತಮ್ಮ ಪಟ್ಟಿ ಒಪ್ಪಿಸುತ್ತಾರೆ. ವಾಲ್‌ಮಾರ್ಟಿನಲ್ಲಿ ಫಿಟ್ಟರ್ ಒಂದು ಕೈಯಲ್ಲಿ ಗಾಡಿ ತಳ್ಳುತ್ತ ಇನ್ನೊಂದು ಕೈಯಲ್ಲಿ ಮೂವರ ಚೀಟಿ ಹಿಡಿದಿದ್ದಾನೆ: ಮಗಳಿಗೆ ಚಾಕಲೇಟು, ಬೆನ್ನುನೋವಿನ ಮುಲಾಮು, ಹತ್ತನೇ ನಂಬರಿನ ಶೂ. ವ್ಯಾನಿನವನು ಎಂಟು ಗಂಟೆಗೆ ಹೊರಡುತ್ತಾನೆ. ಶೂ ಅಳತೆ ಸರಿಯಿದೆಯೇ ಎಂದು ಕೇಳಲು ವೈಫೈ ಹುಡುಕುತ್ತ ಅವನು ಬಾಗಿಲ ಬಳಿಯ ಬೆಂಚಿನತ್ತ ನಡೆಯುತ್ತಾನೆ.